ಅಪ್ಪನ ಮಾರುತಿಯನ್ನು ಗುಜರಿಗೆ ಹಾಕಲು ಐದು ತಿಂಗಳು

2025ರ ಜುಲೈ ಎರಡನೇ ವಾರ. ಬೆಳಿಗ್ಗೆ ಹಾಲು ತರಲು ಹೊರಗೆ ಬಂದೆ. ನಮ್ಮ ಮಾರುತಿ 800ರ ಮುಂದಿನ ಗಾಜಿನ ಮೇಲೆ ಹಳದಿ ಕಾಗದ ಅಂಟಿತ್ತು. ಮಳೆಗೆ ತೊಯ್ದು ಶಾಯಿ ಇಳಿದಿತ್ತು. ಆದರೂ ಮೂರು ಸಾಲು ಓದಲು ಬಂತು. ವಾರಸುದಾರರಿಲ್ಲದ ವಾಹನ. ಏಳು ದಿನದೊಳಗೆ ತೆಗೆಯಬೇಕು. ಇಲ್ಲದಿದ್ದರೆ ಎತ್ತಿಕೊಂಡು ಹೋಗಲಾಗುವುದು.

ವಾರಸುದಾರ ನಾನೇ ಹಾಲಿನ ಪಾಕೀಟು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆದರೆ ಅದನ್ನು ಕಾಗದದ ಮೇಲೆ ತೋರಿಸಲು ಡಿಸೆಂಬರ್ ಬರಬೇಕಾಯಿತು.

ಗಾಡಿಯ ಕಥೆ ಚಿಕ್ಕದು. ಅಪ್ಪ 2001ರಲ್ಲಿ ಸಾಲ ಮಾಡಿ ಕೊಂಡ ಕೆಂಪು ಮಾರುತಿ. ಕೆಎ-25 ನಂಬರ್. ಬನಶಂಕರಿ ಜಾತ್ರೆಗೆ, ಗದಗಿನ ಅಕ್ಕನ ಮನೆಗೆ, ಶಿವರಾತ್ರಿಗೆ ಸಿದ್ಧಾರೂಢ ಮಠಕ್ಕೆ ಎಲ್ಲ ಕಡೆ ಇದರಲ್ಲೇ ಹೋದೆವು. 2016ರ ಮಾರ್ಚ್‌ನಲ್ಲಿ ಆರ್‌ಸಿಯ, ಅಂದರೆ ನೋಂದಣಿ ಪತ್ರದ, 15 ವರ್ಷ ಮುಗಿಯಿತು. ಅಪ್ಪ ರಿನ್ಯೂವಲ್ ಮಾಡಿಸಲು ಓಡಾಡುವಷ್ಟರಲ್ಲಿ ಹಾಸಿಗೆ ಹಿಡಿದರು. ಆಗಸ್ಟ್‌ನಲ್ಲಿ ತೀರಿಕೊಂಡರು. ಆವತ್ತಿನಿಂದ ಗಾಡಿ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಓಣಿಯಲ್ಲಿ, ಮನೆಯ ಮುಂದೆ, ಅದೇ ಜಾಗದಲ್ಲಿ ನಿಂತಿತ್ತು. ಮಾರಲು ಅವ್ವನಿಗೆ ಮನಸ್ಸಿರಲಿಲ್ಲ. ಓಡಿಸಲು ನನಗೆ ಧೈರ್ಯವಿರಲಿಲ್ಲ. ನಾಲ್ಕೂ ಗಾಲಿ ಕೂತವು. ವೈಪರ್ ಬುಡದಲ್ಲಿ ಅರಳಿ ಸಸಿ ಹುಟ್ಟಿ ಗೇಣುದ್ದ ಆಗಿತ್ತು. ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತ್ತು.

ದೂರು ಕೊಟ್ಟವರು ಎದುರು ಮನೆಯವರು ಅಂತ ಆಮೇಲೆ ಗೊತ್ತಾಯಿತು. ಅವರ ತಪ್ಪೇನಿಲ್ಲ. ಜೂನ್‌ನಲ್ಲಿ ಲಾರ್ವಾ ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ನಮ್ಮ ಗಾಡಿಯ ಡಿಕ್ಕಿ ತೆಗೆಸಿ ಸ್ಟೆಪ್ನಿ ಗುಂಡಿಗೆ ಟಾರ್ಚ್ ಬಿಟ್ಟಿದ್ದರು. ನೀರು ತುಂಬಿತ್ತು. ಹುಳ ಕುಣಿಯುತ್ತಿದ್ದವು. 2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿದ ಮೇಲೆ ಸೊಳ್ಳೆ ಬೆಳೆಯಲು ಬಿಟ್ಟರೆ ದಂಡ ಇದೆ. ಪಟ್ಟಣದಲ್ಲಿ ಮನೆಗೆ 400, ಖಾಲಿ ಜಾಗಕ್ಕೆ 2,000 ರೂಪಾಯಿ. ಆ ತಾಯಿ ದಂಡ ಹಾಕಿಸಲಿಲ್ಲ. "ಇದನ್ನ ಮೊದಲ ವಿಲೇವಾರಿ ಮಾಡ್ರಿ ಅಣ್ಣಾರ" ಅಂದು ಹೋದರು. ನಾನು ಹೂಂ ಅಂದು ಮರೆತೆ.

ನೋಟಿಸ್ ಹಿಡಿದು ವಿಚಾರಿಸಲು ಹೋದಾಗ ಒಬ್ಬ ಹೆಡ್ ಕಾನ್‌ಸ್ಟೆಬಲ್ ಕೂರಿಸಿಕೊಂಡು ತಿಳಿಸಿ ಹೇಳಿದರು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 127. ಸಾರ್ವಜನಿಕ ಜಾಗದಲ್ಲಿ ಗಾಡಿಯನ್ನು ಹತ್ತು ತಾಸಿಗಿಂತ ಜಾಸ್ತಿ ಬಿಟ್ಟುಹೋದರೆ ಅದನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಹೇಳಬಹುದು. ಎಳೆದ ಖರ್ಚು ಮಾಲೀಕನದ್ದೇ. ದಂಡ ಬೇರೆ. ಹತ್ತು ತಾಸು! ನಮ್ಮದು ಒಂಬತ್ತು ವರ್ಷ ನಿಂತಿದೆ. ನಾನು ನಕ್ಕೆ, ಅವರು ನಗಲಿಲ್ಲ. ಒಯ್ದ ಮೇಲೆ ಯಾರೂ ಕೇಳಲು ಬರದಿದ್ದರೆ ಪ್ರಕಟಣೆ ಕೊಟ್ಟು ಆರು ತಿಂಗಳು ಕಾಯುತ್ತಾರೆ, ಆಮೇಲೆ ಹರಾಜು. "ಹರಾಜಿಗೆ ಹೋಗೂದು ತಗಡ ಅಷ್ಟರಿ. ನಿಮ್ಮ ಅಪ್ಪಾರ ಹೆಸರು ರೆಕಾರ್ಡಿನ್ಯಾಗ ಹಂಗ ಇರತೈತಿ" ಅಂದರು. ಆಗ ನನಗೆ ಈ ಮಾತು ಸರಿಯಾಗಿ ತಲೆಗೆ ಹೋಗಲಿಲ್ಲ.

ಇಲ್ಲಿ ಒಂದು ಮಾತು. ನೋಟಿಸ್ ಬಂದ ಕೂಡಲೇ ಒಂದು ಅರ್ಜಿ ಬರೆದು ಕೊಡಿ. ಗಾಡಿ ಯಾರದ್ದು, ಏನು ಮಾಡುತ್ತಿದ್ದೀರಿ, ಎಷ್ಟು ದಿನ ಬೇಕು ಅಂತ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ "ಆತು ನೋಡೋಣ" ಅಂದದ್ದು ಮುಂದಿನ ವಾರ ಬೇರೆ ಸಿಬ್ಬಂದಿ ಬಂದಾಗ ಯಾರಿಗೂ ನೆನಪಿರುವುದಿಲ್ಲ. ನಾನು ಅರ್ಜಿ ಕೊಟ್ಟೆ, ಜೊತೆಗೆ ಗಾಡಿಯನ್ನೂ ರಸ್ತೆಯಿಂದ ತೆಗೆದೆ. ಗೋಪನಕೊಪ್ಪದಲ್ಲಿ ಕಾಕಾನ ಸೈಟಿನ ಮೂಲೆಗೆ ಕ್ರೇನ್‌ನಲ್ಲಿ ಸಾಗಿಸಿದೆ. 1,500 ರೂಪಾಯಿ. ನೀರು ನಿಲ್ಲದಂತೆ ಡಿಕ್ಕಿಯ ತಳಕ್ಕೆ ಎರಡು ತೂತು ಹೊಡೆಸಿದೆ. ಬೆಕ್ಕು ಎರಡು ದಿನ ಖಾಲಿ ಜಾಗ ಮೂಸಿ ಮೂಸಿ ಓಡಾಡಿತು.

ಮಾರನೇ ದಿನವೇ ಸುದ್ದಿ ಹೇಗೋ ಮುಟ್ಟಿ ಒಬ್ಬ ಭಂಗಾರದವ ಬಂದ. ನಮ್ಮ ಕಡೆ ಗುಜರಿಗೆ ಭಂಗಾರ ಅಂತಲೇ ಅನ್ನೋದು. ಭ ಸ್ವಲ್ಪ ಹಗುರ ಆದರೆ ಚಿನ್ನವೇ! ಗಾಡಿ ಸುತ್ತ ಒಂದು ಸುತ್ತು ಬಂದು, ಬಾನೆಟ್ ಮೇಲೆ ಎರಡು ಬಡಿದು, "ಹದಿನಾಲ್ಕ ಸಾವಿರ, ಈಗ ಕೈಯಾಗ. ಕಾಗದ ಗೀಗದ ಏನೂ ಬ್ಯಾಡ್ರಿ" ಅಂದ. ಸುಳ್ಳು ಯಾಕೆ, ಮನಸ್ಸು ಹೊರಳಿತ್ತು. ಸಂಜೆ ಆಗುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತು.

ತಡೆದದ್ದು ಆ ಹೆಡ್ ಕಾನ್‌ಸ್ಟೆಬಲ್ ಮಾತು. ಗಾಡಿ ಪುಡಿಯಾದರೂ ಆರ್‌ಸಿ ಜೀವಂತ. ಗಾಡಿಯ ಗುರುತಿನ ಚಾಸಿ ನಂಬರ್ ಕೊರೆದ ತುಂಡು, ನಂಬರ್ ಪ್ಲೇಟು ಯಾರ ಕೈಗೆ ಹೋಗುತ್ತವೆ ಅಂತ ಯಾರಿಗೆ ಗೊತ್ತು? ಕದ್ದ ಗಾಡಿಗೆ ಅದನ್ನು ಕೂರಿಸಿದರೆ ಪೊಲೀಸರು ಮೊದಲು ಬರುವುದು ಅಪ್ಪನ ಹೆಸರು ಹುಡುಕಿಕೊಂಡು, ಅಂದರೆ ಅವ್ವನ ಬಾಗಿಲಿಗೆ. ಅದೇ ಕಾಯ್ದೆಯ ಸೆಕ್ಷನ್ 55ರ ಪ್ರಕಾರ ಗಾಡಿ ನಾಶವಾದರೆ ಅಥವಾ ಪೂರ್ತಿ ಕೆಟ್ಟರೆ ಮಾಲೀಕ 14 ದಿನದಲ್ಲಿ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಅದಲ್ಲದೆ 2021ರ ಸೆಪ್ಟೆಂಬರ್‌ನಿಂದ ವಾಹನ ಗುಜರಿ ಕೇಂದ್ರಗಳಿಗೆ ಬೇರೆಯೇ ನಿಯಮ ಬಂದಿದೆ. ಸರ್ಕಾರದಲ್ಲಿ ನೋಂದಾಯಿಸಿದ ಕೇಂದ್ರಗಳೇ ಗಾಡಿ ಒಡೆದು ಪ್ರಮಾಣಪತ್ರ ಕೊಡಬೇಕು. 2025ರ ಏಪ್ರಿಲ್ 1ರಿಂದ ಪರಿಸರ ಇಲಾಖೆಯ ಇನ್ನೊಂದು ನಿಯಮವೂ ಸೇರಿಕೊಂಡಿದೆ. ಆಯಸ್ಸು ಮುಗಿದ ಗಾಡಿಯನ್ನು 180 ದಿನದೊಳಗೆ ಇಂಥ ಕೇಂದ್ರಕ್ಕೋ ಸಂಗ್ರಹ ಕೇಂದ್ರಕ್ಕೋ ಒಪ್ಪಿಸಬೇಕು. ಭಂಗಾರದವನಿಗೆ ಚಹಾ ಕುಡಿಸಿ ಕಳಿಸಿದೆ.

ಮುಂದೆ ಒಬ್ಬ ಏಜೆಂಟರು ಸಿಕ್ಕರು. ಅವರ ಲೆಕ್ಕ ಹೀಗಿತ್ತು. ಗಾಡಿ ಅಪ್ಪನ ಹೆಸರಿನಲ್ಲಿದೆ, ಆದ್ದರಿಂದ ಮೊದಲು ಫಾರಂ 31 ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಬೇಕು. ಆರ್‌ಸಿ ಅವಧಿ ಮುಗಿದಿದೆ, ಆದ್ದರಿಂದ ಅದಕ್ಕೂ ಮೊದಲು ರಿನ್ಯೂವಲ್. ರಿನ್ಯೂವಲ್‌ಗೆ ಗಾಡಿ ಓಡಬೇಕು, ಆದ್ದರಿಂದ ಅದಕ್ಕೂ ಮೊದಲು ಗ್ಯಾರೇಜು. ಎಲ್ಲ ಸೇರಿ 35 ಸಾವಿರ. ಗುಜರಿಗೆ ಹಾಕಲು ಗಾಡಿ ರಿಪೇರಿ ಮಾಡಿಸಬೇಕಂತೆ! ನಾನು ಯೋಚಿಸುತ್ತಾ ಇದ್ದ ಹಾಗೆಯೇ ಆಗಸ್ಟ್‌ನಲ್ಲಿ ಹೊಸ ಅಧಿಸೂಚನೆ ಬಂತು. 20 ವರ್ಷ ಮೀರಿದ ಕಾರಿನ ರಿನ್ಯೂವಲ್ ಶುಲ್ಕ 5,000 ಇದ್ದದ್ದು 10,000 ಆಯಿತು. ಏಜೆಂಟರು ಫೋನ್ ಮಾಡಿ ತಮ್ಮ ಲೆಕ್ಕವನ್ನೂ 40ಕ್ಕೆ ಏರಿಸಿದರು.

ಇಷ್ಟೆಲ್ಲ ಬೇಕಾಗಿಯೇ ಇರಲಿಲ್ಲ. ಮಾಲೀಕ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಾರಸು ದಾಖಲೆ ಕೊಟ್ಟು ವಾರಸುದಾರರೇ ಗಾಡಿಯನ್ನು ಗುಜರಿ ಕೇಂದ್ರಕ್ಕೆ ಒಪ್ಪಿಸಲು ಆ 2021ರ ನಿಯಮದಲ್ಲೇ ಜಾಗ ಇದೆ. ರಿನ್ಯೂ ಆಗದ ಗಾಡಿಯನ್ನೂ ತೆಗೆದುಕೊಳ್ಳುತ್ತಾರೆ, ಇರುವುದೇ ಅದಕ್ಕೆ. ಕೇಂದ್ರಕ್ಕೆ ನಾನೇ ಫೋನ್ ಮಾಡಿದಾಗ ಐದು ನಿಮಿಷದಲ್ಲಿ ಗೊತ್ತಾದ ವಿಷಯ ಇದು. ಅದಕ್ಕೆ ನೀವು ಮೊದಲು ಫೋನ್ ಮಾಡಬೇಕಾದದ್ದು ಕೇಂದ್ರಕ್ಕೆ, ಏಜೆಂಟರಿಗಲ್ಲ. ಕೇಂದ್ರಗಳ ಪಟ್ಟಿ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿದೆ. ನಾನು ಆರಿಸಿದ್ದು ಬೆಂಗಳೂರು ಕಡೆಯದ್ದು. ಗಾಡಿ ಒಯ್ಯಲು ಅವರೇ ಬರುತ್ತಾರೆ, ಸಾಗಣೆ ಖರ್ಚು ಗಾಡಿಯ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ.

ಕಾಗದಗಳ ಪೈಕಿ ಮರಣ ಪ್ರಮಾಣಪತ್ರ ಮನೆಯಲ್ಲಿತ್ತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆ. ತಲಾಟಿ ಬಂದು ಓಣಿಯಲ್ಲಿ ವಿಚಾರಿಸಿದರು. ಸಾಕ್ಷಿ ಹೇಳಿದವರು ಯಾರು ಗೊತ್ತಾ? ಅದೇ ಎದುರು ಮನೆಯವರು. ಹನ್ನೊಂದು ದಿನದಲ್ಲಿ ಕೈಗೆ ಬಂತು. ಅವ್ವ ಮತ್ತು ಅಕ್ಕ ತಮ್ಮ ತಕರಾರಿಲ್ಲ ಅಂತ ಇ-ಸ್ಟಾಂಪ್ ಪೇಪರಿನ ಮೇಲೆ ಅಫಿಡವಿಟ್ ಕೊಟ್ಟರು. ಅಕ್ಕನ ಸಹಿಗೆ ಗದಗಿಗೆ ಹೋದೆ. ಸ್ಟಾಂಪ್, ನೋಟರಿ ಎಲ್ಲ ಸೇರಿ 700 ರೂಪಾಯಿ. ಅಕ್ಕ ಸಹಿ ಹಾಕಿದಳು, ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ. ಅವಳು ಗಾಡಿ ಕಲಿತದ್ದು ಇದರಲ್ಲೇ.

ಮೊದಲ ದೊಡ್ಡ ಅಡ್ಡಿ ಬ್ಯಾಂಕು. ಆರ್‌ಸಿಯಲ್ಲಿ ಸಾಲದ ನಮೂದು, ಅಂದರೆ ಎಚ್‌ಪಿ, ಇನ್ನೂ ಇತ್ತು. ಸಾಲ ತೀರಿದ್ದು 2006ರಲ್ಲಿ. ಎಚ್‌ಪಿ ತೆಗೆಸಬೇಕು ಅಂತ ಅಪ್ಪನಿಗೆ ಹೊಳೆದಿಲ್ಲ, ಅಥವಾ ಹೊಳೆದೂ ಬಿಟ್ಟಿದ್ದಾರೆ. ಅದು ಇದ್ದರೆ ಪೋರ್ಟಲ್ ಗುಜರಿ ಅರ್ಜಿಯನ್ನೇ ಮುಂದೆ ಬಿಡುವುದಿಲ್ಲ. ಸಾಲ ಕೊಟ್ಟ ಬ್ಯಾಂಕು ಈಗ ಇಲ್ಲ, ಇನ್ನೊಂದರಲ್ಲಿ ವಿಲೀನ ಆಗಿದೆ. ಹಳೆ ಖಾತೆ ಹೊಸ ಕಂಪ್ಯೂಟರಿನಲ್ಲಿಲ್ಲ. "ಸಾಲಾನ ಕಾಣವಲ್ದು, ತೀರೇತಿ ಅಂತ ಹೆಂಗ ಬರದ ಕೊಡೂದ್ರಿ?" ಅಂತ ಅಲ್ಲಿಯವರು ಕೇಳಿದರು. ಪ್ರಶ್ನೆ ಸರಿಯೇ ಇತ್ತು. ಅಪ್ಪನ ಟ್ರಂಕಿನಲ್ಲಿ ಹಳೆ ಪಾಸ್‌ಬುಕ್ಕು ಸಿಕ್ಕಿತು. ಕೊನೆಯ ಕಂತಿನ ಮುಂದೆ ಕ್ಲೋಸ್ಡ್ ಅಂತ ನೀಲಿ ಸೀಲು. ಅದರ ಝೆರಾಕ್ಸ್ ಮೇಲಿನ ಕಚೇರಿಗೆ ಹೋಗಿ, ಎನ್‌ಒಸಿ ಮತ್ತು ಎಚ್‌ಪಿ ತೆಗೆಸುವ ಫಾರಂ 35ರ ಎರಡು ಪ್ರತಿ ಸಹಿ ಆಗಿ ಬರಲು 26 ದಿನ. ಆರು ಸಲ ಹೋದೆ. ದುಡ್ಡೇನೂ ಕೇಳಲಿಲ್ಲ. ನಿಮ್ಮ ಗಾಡಿ ಸಾಲ ತೀರಿದ್ದರೆ ಇವತ್ತೇ ಆರ್‌ಸಿ ತೆಗೆದು ನೋಡಿ.

ಎರಡನೇ ಅಡ್ಡಿಗೆ ಬೇಕಾದರೆ ನಗಬಹುದು. ಅರ್ಜಿ ಆನ್‌ಲೈನ್. ಒಟಿಪಿ ಹೋಗುವುದು ರೆಕಾರ್ಡಿನಲ್ಲಿರುವ ಮೊಬೈಲಿಗೆ. ರೆಕಾರ್ಡಿನಲ್ಲಿದ್ದದ್ದು ಅಪ್ಪನ ನಂಬರ್. ಆ ಸಿಮ್ಮು ರೀಚಾರ್ಜ್ ಇಲ್ಲದೆ ಎಂದೋ ಸತ್ತಿತ್ತು. ಸುಮ್ನೆ ಒಮ್ಮೆ ಡಯಲ್ ಮಾಡಿದೆ. ರಿಂಗ್ ಆಯಿತು! ಅವ್ವ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದಳು. ಯಾರಿಗೆ ಹಚ್ಚಿದ್ದೀ ಅಂತ ಕೇಳಿದಳು. ಹೇಳಲು ಆಗಲಿಲ್ಲ. ಆ ಕಡೆ ಎತ್ತಿದವರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಹಿಂದೆ ಲಾರಿಗಳ ಸದ್ದು. ವಿಷಯ ಹೇಳಿದೆ. "ನಿಮ್ಮ ಅಪ್ಪಾರ ಹೆಸರು ಕೇಳಿ ಇನ್ನೂ ಫೋನ್ ಬರ್ತಾವ್ರಿ ನನಗ. ವರ್ಷಕ್ಕೊಮ್ಮೆ ಯಾರೋ ಯುಗಾದಿಗೆ ಶುಭಾಶಯನೂ ಹೇಳ್ತಾರ" ಅಂದರು. ಒಟಿಪಿ ಬಂದರೆ ಹೇಳುತ್ತೇನೆ ಅಂತ ಅವರಾಗಿಯೇ ಒಪ್ಪಿಕೊಂಡರು. ಪುಣ್ಯಾತ್ಮ. ಆದರೆ ಅವರು ಯಾರ್ಡಿನಲ್ಲಿ ತೂಕ ನೋಡುತ್ತಾ ಇದ್ದಾಗ ಒಟಿಪಿ ಬರೋದು, ಅವರು ನೋಡಿ ಹೇಳುವಷ್ಟರಲ್ಲಿ ಅವಧಿ ಮುಗಿಯೋದು. ನಾಲ್ಕು ಸಲ ಹೀಗೆ ಆದ ಮೇಲೆ ಇದು ಸರಿಯಾದ ದಾರಿಯೂ ಅಲ್ಲ ಅನ್ನಿಸಿ ಕೈಬಿಟ್ಟೆ. ಒಟಿಪಿಯನ್ನು ಹೀಗೆ ಕೇಳಲೂಬಾರದು, ಹೇಳಲೂಬಾರದು.

ಮೊಬೈಲ್ ನಂಬರ್ ಬದಲಿಸಲು ಆರ್‌ಟಿಒಗೆ ಹೋಗಬೇಕಿತ್ತು. ನಾನು ಹುಬ್ಬಳ್ಳಿಯಲ್ಲಿ ವಿಚಾರಿಸಿ ಒಂದು ದಿನ ಕಳೆದೆ. ಈಗ ಹುಬ್ಬಳ್ಳಿಗೆ ಕೆಎ-63 ಅಂತ ಬೇರೆ ಕಚೇರಿ ಇದೆಯಲ್ಲ, ನಾವು ಇರುವುದೂ ಇಲ್ಲೇ ಅಂತ. ಆದರೆ ನಮ್ಮ ಫೈಲು ಕೆಎ-25, ಅಂದರೆ ಧಾರವಾಡ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹತ್ತಿ ಮೂರು ಸಲ ಹೋಗಿಬಂದೆ. ಮೊದಲ ದಿನ ವಂಶವೃಕ್ಷದ ಮೂಲ ಪ್ರತಿ ಮನೆಯಲ್ಲೇ ಬಿಟ್ಟಿದ್ದೆ. ಅದು ನನ್ನದೇ ತಪ್ಪು. ಎರಡನೇ ದಿನ ಎಚ್‌ಪಿ ತೆಗೆಯಲು ಮತ್ತು ಮೊಬೈಲ್ ಬದಲಿಸಲು ಅರ್ಜಿ ಕೊಟ್ಟೆ. ಮೂರನೇ ಸಲ ಎರಡೂ ಆಗಿತ್ತು. ಲೈನ್ ಬಜಾರಿನಿಂದ ಅರ್ಧ ಕಿಲೋ ಪೇಡೆ ಒಯ್ದೆ, ಅದನ್ನೂ ಖರ್ಚಿಗೆ ಸೇರಿಸಿ.

ಹೋಗುವ ಮೊದಲು ಬಾಕಿ ದಂಡ ಇದೆಯಾ ಅಂತಲೂ ನೋಡಿಕೊಳ್ಳಿ. ಸಾಲದ ನಮೂದು, ಬಾಕಿ ದಂಡ, ಕಳವಿನ ಕೇಸು, ಬ್ಲ್ಯಾಕ್‌ಲಿಸ್ಟ್, ಇವುಗಳಲ್ಲಿ ಒಂದಿದ್ದರೂ ಪೋರ್ಟಲ್ ಅಲ್ಲೇ ನಿಲ್ಲಿಸುತ್ತದೆ.

ಅಕ್ಟೋಬರ್ ಕೊನೆಗೆ ಅರ್ಜಿ ಸ್ವೀಕೃತ ಅಂತ ಬಂತು. ಕೇಂದ್ರದವರು ನವೆಂಬರ್‌ನಲ್ಲಿ ಒಂದು ಮಂಗಳವಾರ ಫ್ಲಾಟ್‌ಬೆಡ್ ಲಾರಿ ಕಳಿಸಿದರು. ಇಬ್ಬರು ಹುಡುಗರು. ಬಾನೆಟ್ ತೆಗೆದು ಇಂಜಿನ್ ಹಿಂದಿನ ಗೋಡೆಯ ಮೇಲಿದ್ದ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಕೊನೆಯಿಂದ ಎರಡನೇ ಅಂಕಿ 3 ಅಂತ ಬಂತು. ಆರ್‌ಸಿಯಲ್ಲಿ 8 ಇತ್ತು. "ಸಾರ್, ಮ್ಯಾಚ್ ಆಗ್ತಿಲ್ಲ. ಲೋಡ್ ಮಾಡಕ್ಕಾಗಲ್ಲ" ಅಂದ ಒಬ್ಬ. ನನ್ನ ಎದೆ ಧಸಕ್ಕೆಂದಿತು. ನಾಲ್ಕು ತಿಂಗಳ ಓಡಾಟ ಒಂದು ಅಂಕಿಯ ಎಡಭಾಗದ ಮೇಲೆ ನಿಂತಿತ್ತು.

ಹತ್ತಿರದ ಗ್ಯಾರೇಜಿನ ಮಿಸ್ತ್ರಿ ಬಂದರು. ಮರಳು ಕಾಗದ ಹಚ್ಚಲು ಹೋದ ಹುಡುಗನ ಕೈ ಹಿಡಿದರು. ತಿಕ್ಕಿದರೆ ಇರುವುದೂ ಹೋಗುತ್ತದೆ, ಆಮೇಲೆ ನಂಬರ್ ಅಳಿಸಿದ್ದಾರೆ ಅಂತ ಬೇರೆ ಅನುಮಾನ ಅಂದರು. ಸೀಮೆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಅಂಕಿಗಳ ಮೇಲೆ ಹತ್ತು ನಿಮಿಷ ಇಟ್ಟರು. ಒರೆಸಿದಾಗ ತುಕ್ಕು ಕೆಂಪು ನೀರಾಗಿ ಇಳಿಯಿತು. ಒಣಗಿದ ಮೇಲೆ ಬಿಳಿ ಸೀಮೆಸುಣ್ಣ ಅಡ್ಡ ಹಿಡಿದು ಮೆಲ್ಲಗೆ ಎಳೆದರು. ಅಂಕಿಗಳ ಗೀರುಗಳಲ್ಲಿ ಬಿಳಿ ಕೂತಿತು. 3ರ ಎಡಕ್ಕೆ ಎರಡು ತೆಳ್ಳಗಿನ ಬಿಲ್ಲು ಕಂಡವು. 8. ಮಿಸ್ತ್ರಿ ದುಡ್ಡು ತೆಗೆದುಕೊಳ್ಳಲಿಲ್ಲ, ಹಳೆ ಕಾರ್ಬೊರೇಟರ್ ಕೇಳಿದರು. ಕೊಡಲು ಬರಲಿಲ್ಲ, ಗಾಡಿ ಇಡಿಯಾಗಿ ಕೊಡುತ್ತೇನೆಂದು ಕೇಂದ್ರದವರಿಗೆ ಬರೆದುಕೊಟ್ಟಿದ್ದೆ. ನೀವು ಲಾರಿ ಬರುವ ವಾರ ಮೊದಲೇ ನಂಬರ್ ಓದಲು ಬರುತ್ತದೆಯೇ ನೋಡಿ, ಆರ್‌ಸಿ ಜೊತೆ ತಾಳೆ ಹಾಕಿಕೊಳ್ಳಿ.

ಗಾಡಿ ಹತ್ತಿಸುವ ಮೊದಲು ಒಳಗೆಲ್ಲ ತಡಕಾಡಿದೆ. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಅಪ್ಪನ ಪುಟ್ಟ ಡೈರಿ. ತಾರೀಖು, ಕಿಲೋಮೀಟರ್, ಪೆಟ್ರೋಲ್ ಎಷ್ಟು ಲೀಟರ್, ಅಷ್ಟೇ. ಹದಿನೈದು ವರ್ಷ ಒಂದು ಸಲವೂ ತಪ್ಪಿಸಿಲ್ಲ. ಕೊನೆಯ ಸಾಲು: ವೈಪರ್ ರಬ್ಬರ್, 180. ಹೊಸ ರಬ್ಬರ್ ಪಾಕೀಟು ಒಡೆಯದೆ ಡೈರಿಯ ಕೆಳಗೇ ಇತ್ತು.

ಬ್ರೇಕು ಜಾಮ್ ಆಗಿ ಗಾಲಿ ತಿರುಗಲಿಲ್ಲ. ವಿಂಚ್ ಹಾಕಿ ಎಳೆದರು. ಅರಳಿ ಸಸಿಯನ್ನು ಬೇರು ಸಮೇತ ಕೀಳಲು ನೋಡಿದೆ, ಬರಲಿಲ್ಲ. ಹಾಗೆಯೇ ಹೋಯಿತು. ಅವ್ವ ಬರುವುದಿಲ್ಲ ಅಂದವಳು ಕೊನೆಗೆ ಆಟೋದಲ್ಲಿ ಬಂದು, ಬಾನೆಟ್‌ಗೆ ಕುಂಕುಮ ಹಚ್ಚಿ, ಲಾರಿ ಹುಡುಗರಿಗೆ ಊಟ ಆಗಿದೆಯಾ ಅಂತ ಕೇಳಿದಳು.

ಕೇಂದ್ರ ಮುಟ್ಟಿದ ಮೂರನೇ ದಿನ ಠೇವಣಿ ಪ್ರಮಾಣಪತ್ರ ಬಂತು. ಗಾಡಿ ಒಪ್ಪಿಸಿದ್ದಕ್ಕೆ ಪುರಾವೆ ಅದು. ಹೊಸ ಗಾಡಿ ಕೊಳ್ಳುವಾಗ ಇದನ್ನು ತೋರಿಸಿದರೆ ನೋಂದಣಿ ಶುಲ್ಕ ಇಲ್ಲ. ಸ್ವಂತ ಬಳಕೆಯ ಗಾಡಿಗೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ನಾನು ಸದ್ಯಕ್ಕೆ ಕೊಳ್ಳುವವನಲ್ಲ. ಇದನ್ನು ಬೇರೆಯವರಿಗೆ ಮಾರಲೂ ಬರುತ್ತದೆ, ಹಾಗಾಗಿ ಎಸೆಯಬೇಡಿ. ಸಾಗಣೆ ಕಳೆದು 9,600 ರೂಪಾಯಿ ಅವ್ವನ ಖಾತೆಗೆ ಬಂತು. ನನ್ನ ಕೈಯಿಂದ ಹೋದದ್ದು ಕ್ರೇನ್, ನೋಟರಿ, ಬಸ್ಸು, ಝೆರಾಕ್ಸ್ ಸೇರಿ ಸುಮಾರು 4,300. ಭಂಗಾರದವನ 14 ಸಾವಿರದ ಮುಂದೆ ನೋಡಿದರೆ ನಷ್ಟವೇ. ರಜೆ ಹಾಕಿದ ದಿನಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಆದರೆ ನಾನು ಕಾಯುತ್ತಿದ್ದದ್ದು ದುಡ್ಡಿಗಲ್ಲ. ಡಿಸೆಂಬರ್‌ನಲ್ಲಿ ಗುಜರಿ ಪ್ರಮಾಣಪತ್ರ ಬಂತು. ಆಮೇಲೂ ದಿನಾ ರಾತ್ರಿ ಊಟ ಆದ ಮೇಲೆ ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ ನೋಡುತ್ತಿದ್ದೆ. ಹತ್ತನೇ ದಿನ ಆರ್‌ಸಿ ರದ್ದು ಅಂತ ತೋರಿಸಿತು. ಪುಟ ಪ್ರಿಂಟ್ ತೆಗೆದು ಅಪ್ಪನ ಮರಣ ಪ್ರಮಾಣಪತ್ರ ಇರುವ ಫೈಲಿನಲ್ಲೇ ಹಾಕಿದೆ. ಗಾಡಿ ಹೋದ ದಿನ ನಿಶ್ಚಿಂತೆ ಆಗಬೇಡಿ, ಈ ಪುಟ ಬರುವವರೆಗೆ ಬೆನ್ನು ಬಿಡಬೇಡಿ.

ಕಳೆದ ಭಾನುವಾರ ಎದುರು ಮನೆಯವರು ಚಹಾಕ್ಕೆ ಕರೆದರು. ಏನೋ ಮಾತಿದೆ ಅಂತ ಹೋದಾಗಲೇ ಗೊತ್ತಾಯಿತು. ಕಂಪೌಂಡಿನ ಹಿಂದೆ ತಾಡಪಾಲು ಎತ್ತಿ ತೋರಿಸಿದರು. ಬಜಾಜ್ ಚೇತಕ್. ಅವರ ಅಣ್ಣನದ್ದು, ತೀರಿಕೊಂಡು ಹನ್ನೆರಡು ವರ್ಷ ಆಯಿತಂತೆ. "ರಸ್ತೆ ಮ್ಯಾಲೆ ಇಲ್ಲಲ್ಲ, ಯಾರೂ ಕೇಳೂದಿಲ್ಲ ಬಿಡ್ರಿ. ಆದ್ರೂ..." ಅಂದರು. ಆರ್‌ಸಿ ಎಲ್ಲಿದೆ ಅಂತ ಕೇಳಿದೆ. ಕಳೆದಿದೆ. ಹಾಗಾದರೆ ಮೊದಲು ಪೊಲೀಸರಲ್ಲಿ ಕಳೆದ ಬಗ್ಗೆ ದೂರು, ಆಮೇಲೆ ಫಾರಂ 26ರಲ್ಲಿ ಡೂಪ್ಲಿಕೇಟಿಗೆ ಅರ್ಜಿ ಅಂದೆ. ಅವರು ಪೆನ್ನು ತಂದರು. ನಾನು ಅಣ್ಣನ ಮೊಬೈಲ್ ನಂಬರ್ ಕೇಳಿದೆ.